ಮೈಸೂರಿನ ಮನೆಯಲ್ಲೇ ಟಾರ್ ಸೀಡ್ ನೋಡ್: ನನ್ನ ಅನುಭವ

ಪೀರ್ ಟು ಪೀರ್ (ಮಧ್ಯೆ ಸರ್ವರ್ ಇಲ್ಲದೆ ಕಂಪ್ಯೂಟರ್‌ಗಳೇ ಪರಸ್ಪರ ಮಾತಾಡುವ) ಸಾಫ್ಟ್‌ವೇರ್‌ನಲ್ಲಿ ಈಗಷ್ಟೇ ಆನ್ ಆದ ನೋಡ್‌ಗೆ, ಅಂದರೆ ಅದನ್ನು ಓಡಿಸುವ ಕಂಪ್ಯೂಟರ್‌ಗೆ, ಉಳಿದವರು ಎಲ್ಲಿದ್ದಾರೆ ಅಂತ ಗೊತ್ತಿರುವುದಿಲ್ಲ. ಅವರ ವಿಳಾಸ ಕೊಡುವುದೇ ಸೀಡ್ ನೋಡ್ ಕೆಲಸ. ನಮ್ಮ ಪ್ರಾಜೆಕ್ಟ್ ಪೂರ್ತಿ ಟಾರ್ ಮೇಲೆ ಓಡುತ್ತದೆ. ಯಾರು ಎಲ್ಲಿಂದ ಮಾತಾಡುತ್ತಿದ್ದಾರೆ ಅಂತ ಗೊತ್ತಾಗದ ಹಾಗೆ, ರಿಲೇ ಅನ್ನೋ ನಡುವಿನ ಕಂಪ್ಯೂಟರ್‌ಗಳ ಮೂಲಕ ಡೇಟಾ ಸಾಗಿಸುವ ನೆಟ್‌ವರ್ಕ್ ಅದು. ಅರ್ಧಂಬರ್ಧ ಕೋಡನ್ನು ಜನ ನಿಜವಾಗಿ ಬಳಸುವ ಸೀಡ್‌ಗೆ ಅಂಟಿಸಿ ನೋಡುವುದು ಸರಿಯಲ್ಲ ಅಲ್ವಾ? ಅದಕ್ಕೇ ಕುವೆಂಪುನಗರದ ಮನೆಯಲ್ಲಿ ಸುಮ್ನೆ ಬಿದ್ದಿದ್ದ ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್‌ಗೆ ಡೆಬಿಯನ್ ಲಿನಕ್ಸ್ ಹಾಕಿ, ನಿಜವಾದ ನೆಟ್‌ವರ್ಕ್ ಜೊತೆ ಬೆರೆಯದಂತೆ ಬೇರೆ ನೆಟ್‌ವರ್ಕ್ ಐಡಿ ಕೊಟ್ಟು, ನಮ್ಮದೇ ಸೀಡ್ ಮಾಡಿಕೊಂಡೆ.

ಟಾರ್ ಕಡೆ ಕೆಲಸ ಜಾಸ್ತಿ ಏನಿಲ್ಲ. ಟಾರ್‌ಆರ್‌ಸಿ ಅನ್ನೋ ಸೆಟ್ಟಿಂಗ್ ಫೈಲಿನಲ್ಲಿ ಎರಡು ಸಾಲು: ಹಿಡನ್ ಸರ್ವೀಸ್ (ಟಾರ್ ಮೂಲಕ ಮಾತ್ರ ಸಿಗುವ ಸರ್ವೀಸ್) ಫೋಲ್ಡರ್ ಯಾವುದು, ಪೋರ್ಟ್ ಯಾವುದು. ರೀಸ್ಟಾರ್ಟ್ ಮಾಡಿದರೆ ಆ ಫೋಲ್ಡರ್‌ನಲ್ಲಿ ಹೋಸ್ಟ್‌ನೇಮ್ ಅನ್ನೋ ಫೈಲ್ ಬರುತ್ತದೆ. ಅದರಲ್ಲಿ 56 ಅಕ್ಷರ, ಕೊನೆಗೆ ಡಾಟ್ ಆನಿಯನ್. ಇದೇ ಸೀಡ್‌ನ ಆನಿಯನ್ ವಿಳಾಸ. ಫೋಲ್ಡರ್ ಪರ್ಮಿಷನ್ 700 ಇರಲಿ, ಬೇರೆಯವರಿಗೆ ಓದಲು ಬಿಟ್ಟರೆ ಟಾರ್ ಶುರುವಾಗುವುದೇ ಇಲ್ಲ. ಸೀಕ್ರೆಟ್ ಕೀ ಫೈಲನ್ನು ಪೆನ್‌ಡ್ರೈವ್‌ಗೆ ಹಾಕಿಡಿ, ಅದು ಹೋದರೆ ವಿಳಾಸವೂ ಹೋಯಿತು.

ನಮ್ಮ ಏರಿಯಾದ ಇಂಟರ್ನೆಟ್‌ನವರು ಪಬ್ಲಿಕ್ ಐಪಿ (ಹೊರಗಿನವರು ನೇರವಾಗಿ ತಲುಪಬಹುದಾದ ವಿಳಾಸ) ಕೊಡುವುದಿಲ್ಲ. ಇಲ್ಲಿ ಅದು ಬೇಕಾಗಿಯೂ ಇಲ್ಲ. ಟಾರ್ ಒಳಗಿನಿಂದ ಹೊರಕ್ಕೆ ಮಾತ್ರ ಕನೆಕ್ಷನ್ ಮಾಡುತ್ತದೆ, ರೂಟರ್ ಸೆಟ್ಟಿಂಗ್ ಮುಟ್ಟಬೇಕಾಗಿಯೇ ಇಲ್ಲ.

ಕರೆಂಟ್ ಹೋದಾಗ ಮಾತ್ರ ತಲೆನೋವು. ಈ ಪೈಯಲ್ಲಿ ಗಡಿಯಾರದ ಚಿಪ್ ಇಲ್ಲ, ಹಾಗಾಗಿ ಆನ್ ಆದ ಕೂಡಲೇ ಹಳೇ ಸಮಯವನ್ನೇ ತೋರಿಸುತ್ತದೆ. ಟಾರ್‌ನ ಕನ್ಸೆನ್ಸಸ್ (ರಿಲೇಗಳ ಪಟ್ಟಿ) ಗಂಟೆಗೊಮ್ಮೆ ಹೊಸದಾಗಿ ಬರುತ್ತದೆ, 3 ಗಂಟೆ ಚಾಲ್ತಿಯಲ್ಲಿರುತ್ತದೆ. ಸಮಯ ತೀರಾ ತಪ್ಪಿದ್ದರೆ ಟಾರ್ ಸರ್ಕ್ಯೂಟ್ (ರಿಲೇಗಳ ಮೂಲಕ ದಾರಿ) ಕಟ್ಟುವುದಿಲ್ಲ. ಅದಕ್ಕೆ ಟೈಮ್ ಸಿಂಕ್ ಆದ ಮೇಲೇ ಟಾರ್ ಶುರುವಾಗಲಿ ಅಂತ ಪ್ರೋಗ್ರಾಂಗಳನ್ನು ಶುರು ಮಾಡಿಸುವ ಸಿಸ್ಟಮ್‌ಡಿಯಲ್ಲಿ ಬರೆದಿಟ್ಟಿದ್ದೇನೆ.

ದಿನದ ಕೋಡಿಂಗಿಗೆ ಲೋಕಲ್‌ಹೋಸ್ಟ್ ಮೋಡ್ (ಟಾರ್ ಇಲ್ಲದೆ ಎಲ್ಲವೂ ಒಂದೇ ಕಂಪ್ಯೂಟರ್‌ನಲ್ಲಿ) ಸಾಕು, ಟಾರ್ ಹಾಕಿಕೊಂಡು ಕೂತರೆ ಕೆಲಸ ಸಾಗುವುದಿಲ್ಲ. ಆದರೆ ಕೋಡ್ ಸೇರಿಸುವ ಮೊದಲು ಆನಿಯನ್ ಮೂಲಕ ಓಡಿಸದೆ ನಾನಂತೂ ಬಿಡುವುದಿಲ್ಲ. ಯಾಕೆ ಅಂದರೆ, ಒಂದೇ ಕಡೆಯಿಂದ ಜಾಸ್ತಿ ರಿಕ್ವೆಸ್ಟ್ ಬಂದರೆ ತಡೆಯೋಣ ಅಂತ ಐಪಿ ಲೆಕ್ಕದಲ್ಲಿ ಒಂದು ಮಿತಿ ಹಾಕಿದ್ದೆವು. ಟಾರ್‌ನಲ್ಲಿ ಬರುವ ಪ್ರತಿಯೊಬ್ಬರೂ ಸೀಡ್‌ಗೆ 127.0.0.1 ಅಂತಲೇ, ಅಂದರೆ ಅದೇ ಕಂಪ್ಯೂಟರ್‌ನ ಒಳಗಿನ ಒಂದೇ ಐಪಿಯಾಗಿ ಕಾಣುತ್ತಾರೆ. ಮಂಡ್ಯದ ಗೆಳೆಯ ನಾಲ್ಕೈದು ನೋಡ್ ಒಟ್ಟಿಗೆ ಬಿಟ್ಟ, ಸೀಡ್ ಬಾಗಿಲು ಹಾಕಿಕೊಂಡಿತು, ನನ್ನ ಲ್ಯಾಪ್‌ಟಾಪ್ ಕೂಡ ಹೊರಗೆ! ಈಗ ಮಿತಿ ಇರುವುದು ಐಪಿಗಲ್ಲ, ಪೀರ್ ತನ್ನದು ಅಂತ ಸಾಬೀತು ಮಾಡಿದ ಆನಿಯನ್ ವಿಳಾಸಕ್ಕೆ. ಟೈಮ್‌ಔಟ್ ಕೂಡ ಉದ್ದ ಮಾಡಬೇಕಾಯಿತು. ಮಂಡ್ಯ ಇಲ್ಲೇ 45 ಕಿಲೋಮೀಟರ್, ಆದರೆ ಪ್ಯಾಕೆಟ್ ಎಲ್ಲೆಲ್ಲೋ ಇರುವ ಆರು ರಿಲೇ ಸುತ್ತಿ ಬರಬೇಕು.

ರೀಸ್ಟಾರ್ಟ್ ಆದ ತಕ್ಷಣ ಆನಿಯನ್ ಸಿಗದಿದ್ದರೆ ಗಾಬರಿ ಬೇಡ, ಡಿಸ್ಕ್ರಿಪ್ಟರ್ (ಆ ಆನಿಯನ್ ತಲುಪುವುದು ಹೇಗೆ ಅನ್ನೋ ಮಾಹಿತಿ) ಹರಡಲು ಸ್ವಲ್ಪ ಹೊತ್ತು ಬೇಕು. ಎರಡನೇ ಸೀಡ್ ಅನ್ನು ಗೆಳೆಯನ ಮನೆಯಲ್ಲಿ ಇಡುತ್ತಿದ್ದೇವೆ. ಎರಡೂ ಊರಲ್ಲಿ ಒಟ್ಟಿಗೆ ಕರೆಂಟ್ ಹೋಗುವುದು ಕಡಿಮೆ.