ಮೊದಲು ಬೇಸ್‌ಮೆಂಟಿಗೆ ಇಳಿಯಿರಿ: ಡೆಟ್ರಾಯ್ಟ್ ಕಡೆ ಹಳೆಯ ಹತಾರ ಹುಡುಕುವ ಹೊಸಬರಿಗೆ

ಡೆಟ್ರಾಯ್ಟ್‌ಗೆ ಕೆಲಸಕ್ಕೆ ಬಂದ ನಮ್ಮವರು ಸಾಮಾನ್ಯವಾಗಿ ನೋವೈ, ಕ್ಯಾಂಟನ್, ಟ್ರಾಯ್, ಫಾರ್ಮಿಂಗ್ಟನ್ ಹಿಲ್ಸ್ ಕಡೆ ಮನೆ ಮಾಡುತ್ತಾರೆ. ಮೊದಲು ಅಪಾರ್ಟ್‌ಮೆಂಟು, ಆಮೇಲೆ ಸ್ವಂತದ್ದು. ಸ್ವಂತ ಮನೆ ಆದ ತಿಂಗಳಿಗೇ ಬಾಗಿಲು ಕಿರ್ ಅನ್ನುತ್ತದೆ, ಡೆಕ್ಕಿನ ಹಲಗೆ ಎದ್ದು ಕೂರುತ್ತದೆ. ಯಾರನ್ನಾದರೂ ಕರೆಸಿದರೆ ಬಂದು ನೋಡಿದ್ದಕ್ಕೇ ನೂರು ಡಾಲರ್. ಸರಿ, ನಾವೇ ಮಾಡೋಣ ಅಂತ ದೊಡ್ಡ ಅಂಗಡಿಗೆ ಹೋಗಿ ಡ್ರಿಲ್, ಸ್ಪ್ಯಾನರ್ ಸೆಟ್, ಸಾಮಾನು ಕಚ್ಚಿ ಹಿಡಿಯುವ ಬೆಂಚ್ ವೈಸ್ ಅಂತ ಐನೂರು ಡಾಲರ್ ಸುರಿದು ಬರುತ್ತೇವೆ. ನಾನೂ ಸುರಿದವನೇ. ಆ ಹೊಸ ವೈಸ್ ಮೂರನೇ ತಿಂಗಳಿಗೆ ಬಿರುಕು ಬಿಟ್ಟಿತು. ಈಗ ಗ್ಯಾರೇಜಿನಲ್ಲಿರುವುದು ನನ್ನ ಅಪ್ಪನ ವಯಸ್ಸಿನ ವೈಸ್. ಅದಕ್ಕೆ ಕೊಟ್ಟದ್ದು 60 ಡಾಲರ್. ಇಬ್ಬರು ಸೇರಿ ಎತ್ತಿ ಬೆಂಚಿನ ಮೇಲೆ ಇಟ್ಟೆವು.

ನೀವು ಬಂದಿರುವುದು ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಕಾರು ಮಾಡುತ್ತಿರುವ ಊರಿಗೆ. ಕಾರಿನ ಬಾಗಿಲು, ಬಾನೆಟ್ಟು ಒತ್ತುವ ಉಕ್ಕಿನ ಅಚ್ಚುಗಳನ್ನು ಮಾಡುವವರಿಗೆ ಇಲ್ಲಿ ಟೂಲ್ ಅಂಡ್ ಡೈ ಮೇಕರ್ ಅನ್ನುತ್ತಾರೆ. ದೊಡ್ಡ ಮಷೀನು ಕಂಪನಿಯದ್ದು, ಅಳತೆಯ ಸಾಮಾನು ಮಾತ್ರ ಕೆಲಸಗಾರನದ್ದೇ. ನಮ್ಮ ಆಚಾರಿ ತನ್ನ ಉಳಿಯನ್ನು ಬೇರೆಯವರ ಕೈಗೆ ಕೊಡುವುದಿಲ್ಲ ಅಲ್ವಾ, ಹಾಗೆಯೇ. 1880ರಿಂದ ಮ್ಯಾಸಚೂಸೆಟ್ಸಿನ ಆಥಲ್ ಊರಲ್ಲಿ ತಯಾರಾಗುವ ಸ್ಟಾರೆಟ್ ಮೈಕ್ರೋಮೀಟರ್, ಕಾಂಬಿನೇಷನ್ ಸ್ಕ್ವೇರ್. ಅವನ್ನೆಲ್ಲ ಇಡಲು ಓಹಾಯೋದ ಗರ್ಸ್ಟ್‌ನರ್ ಮರದ ಪೆಟ್ಟಿಗೆ, ಇಲ್ಲವೇ ಕೆನಡಿ ಹೆಸರಿನ ಕಂದು ಬಣ್ಣದ ಉಕ್ಕಿನ ಪೆಟ್ಟಿಗೆ. ಆ ತಲೆಮಾರು ರಿಟೈರ್ ಆಗಿ ಎಷ್ಟೋ ವರ್ಷ ಆಯಿತು. ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಮಕ್ಕಳು ಟೆಕ್ಸಾಸಿನಲ್ಲೋ ಕ್ಯಾಲಿಫೋರ್ನಿಯಾದಲ್ಲೋ ಇದ್ದಾರೆ, ಅವರಿಗೆ ಇದು ಬೇಡ. ಹಾಗಾಗಿ ಎಸ್ಟೇಟ್ ಸೇಲ್.

ಎಸ್ಟೇಟ್ ಸೇಲ್ ಅಂದರೆ ಇಡೀ ಮನೆಯೇ ಅಂಗಡಿ. ಒಂದು ಏಜೆನ್ಸಿಯವರು ಬಂದು ಚಮಚದಿಂದ ಹಿಡಿದು ಸೋಫಾವರೆಗೆ ಚೀಟಿ ಅಂಟಿಸಿರುತ್ತಾರೆ. ಸಾಮಾನ್ಯವಾಗಿ ಗುರುವಾರ ಅಥವಾ ಶುಕ್ರವಾರ ಶುರು, ಭಾನುವಾರ ಕೊನೆ. ಬೆಳಿಗ್ಗೆ ಬೇಗ ಹೋದರೆ ನಂಬರ್ ಕೊಡುತ್ತಾರೆ, ಆ ನಂಬರಿನ ಸಾಲಿನಲ್ಲೇ ಒಳಗೆ ಬಿಡುತ್ತಾರೆ. ಒಳಗೆ ಹೋದವರು ಎಡಕ್ಕೆ ತಿರುಗಿ ಪಿಂಗಾಣಿ ನೋಡುತ್ತಾ ನಿಲ್ಲುತ್ತಾರೆ. ನೀವು ನಿಲ್ಲಬೇಡಿ. ಸೀದಾ ಬೇಸ್‌ಮೆಂಟ್ ಮೆಟ್ಟಿಲು ಹುಡುಕಿ, ಹತಾರ ಇರುವುದು ಸಾಮಾನ್ಯವಾಗಿ ಅಲ್ಲೇ.

ಮೊದಲ ದಿನ ಚೌಕಾಸಿ ಮಾಡಬೇಡಿ. ಚಿಕ್ಕಪೇಟೆ ಸಂಡೆ ಬಜಾರಿನಲ್ಲಿ ನೂರು ಅಂದದ್ದಕ್ಕೆ ಮೂವತ್ತು ಅಂತ ಶುರು ಮಾಡುವ ಅಭ್ಯಾಸ ಇಲ್ಲಿ ನಡೆಯುವುದಿಲ್ಲ, ಅವರು ಮುಖ ತಿರುಗಿಸಿಕೊಳ್ಳುತ್ತಾರೆ. ಕೊನೆಯ ದಿನ ಬಹಳ ಕಡೆ ತಾನಾಗಿಯೇ ಅರ್ಧ ಬೆಲೆ. ಎರಡು ಮೂರು ಸಾಮಾನು ಒಟ್ಟಿಗೆ ಹಿಡಿದು, ಇವಿಷ್ಟಕ್ಕೂ ಸೇರಿ ಎಷ್ಟಕ್ಕೆ ಕೊಡುತ್ತೀರಿ ಅಂತ ನಗುತ್ತಾ ಕೇಳಿದರೆ ಯಾರಿಗೂ ಬೇಜಾರಿಲ್ಲ. ಕ್ಯಾಶ್ ಇರಲಿ, ಚಿಲ್ಲರೆ ನೋಟು ಇರಲಿ. ಗ್ಯಾರೇಜ್ ಸೇಲ್ ಬೇರೆ. ಅಲ್ಲಿ ಮನೆಯವರೇ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ, ಮಾತಿಗೆ ಸಿಗುತ್ತಾರೆ, ಚೌಕಾಸಿಯೂ ನಡೆಯುತ್ತದೆ.

ನಮ್ಮವರಿಗೆ ಒಂದು ಅಳುಕು ಇರುತ್ತದೆ. ಅಮ್ಮ ಆರು ತಿಂಗಳಿಗೆ ಬಂದಿದ್ದಾಗ ನಾನು ಒಂದು ಕೆನಡಿ ಪೆಟ್ಟಿಗೆ ತಂದೆ. "ಸತ್ತವರ ಮನೆ ಸಾಮಾನೇನೋ ಇದು?" ಅಂದರು. ಹೌದು ಅಂದೆ. ಪೆಟ್ಟಿಗೆ ಎರಡು ದಿನ ಗ್ಯಾರೇಜಿನ ಹೊರಗೇ ಇತ್ತು. ಮೂರನೇ ದಿನ ನೋಡಿದರೆ ಅಮ್ಮ ಅದರ ಡ್ರಾಯರ್ ಒಂದೊಂದಾಗಿ ಎಳೆದು ನೋಡುತ್ತಿದ್ದಾರೆ. ಪ್ರತಿ ಹತಾರದ ಮೇಲೂ ಪೆಟ್ಟಿಗೆಯ ಹಳೆಯ ಯಜಮಾನ ತನ್ನ ಹೆಸರಿನ ಮೊದಲ ಅಕ್ಷರಗಳನ್ನು ಕೊರೆದಿದ್ದ. ಮುಚ್ಚಳದ ಒಳಗೆ ಪೆನ್ಸಿಲ್ಲಿನಲ್ಲಿ ಬರೆದ ಒಂದು ಪಟ್ಟಿ ಅಂಟಿಸಿತ್ತು: ಯಾವ ಟ್ಯಾಪಿಗೆ (ತೂತಿನೊಳಗೆ ಸ್ಕ್ರೂವಿನ ಎಳೆ ಕೊರೆಯುವ ಹತಾರ) ಯಾವ ಡ್ರಿಲ್. ಕಾಲು ಇಂಚು, ಇಂಚಿಗೆ 20 ಎಳೆಯ ಟ್ಯಾಪಿಗೆ 7ನೇ ನಂಬರ್ ಡ್ರಿಲ್, ಹೀಗೆ. "ಅಚ್ಚುಕಟ್ಟಿನ ಮನುಷ್ಯ," ಅಂದರು ಅಮ್ಮ. ತುಕ್ಕು ಹಿಡಿದಿದ್ದ ಎರಡು ಉಳಿಗಳನ್ನು ಒಳಗೆ ತಗೊಂಡು ಹೋಗಿ, ಸಾರಿಗೆ ಹಿಂಡಿ ಉಳಿದಿದ್ದ ಹುಣಸೆಹಣ್ಣು ಮೆತ್ತಿ ರಾತ್ರಿಯಿಡೀ ಇಟ್ಟರು. ಹಿತ್ತಾಳೆ ದೀಪಕ್ಕೆ ಮಾಡುವ ಹಾಗೇ. ಬೆಳಿಗ್ಗೆ ತಿಕ್ಕಿದರೆ ತುಕ್ಕು ಮುಕ್ಕಾಲು ಪಾಲು ಹೋಗಿತ್ತು. ಉಕ್ಕು ಸ್ವಲ್ಪ ಕಪ್ಪಾಗಿತ್ತು, ಅಷ್ಟೇ. ಮುಚ್ಚಳದ ಒಳಗಿನ ಆ ಪಟ್ಟಿ ಇನ್ನೂ ಅಲ್ಲೇ ಇದೆ, ನನಗೂ ಬೇಕಾಗುತ್ತದೆ.

ಈಗ ಏನು ಕೊಳ್ಳಬೇಕು ಅಂತ. ಮರಗೆಲಸದ ಆಸೆ ಇದ್ದರೆ ಸ್ಟಾನ್ಲಿ ನಂಬರ್ 4 ಪ್ಲೇನ್ ಹುಡುಕಿ. ನಮ್ಮ ಕಡೆ ಹತ್ತರಿ, ಉಜ್ಜುಗೊರಡು ಅನ್ನುತ್ತೇವಲ್ಲ, ಅದರ ಕಬ್ಬಿಣದ ಅಣ್ಣ. ಸುಮಾರು 9 ಇಂಚು ಉದ್ದ, 2 ಇಂಚಿನ ಅಲಗು. ಲೆನರ್ಡ್ ಬೇಲಿ ಅನ್ನುವವನ ಪೇಟೆಂಟುಗಳನ್ನು ಸ್ಟಾನ್ಲಿ 1869ರಲ್ಲಿ ಕೊಂಡಿತು. ಅವತ್ತಿನ ವಿನ್ಯಾಸ ಇವತ್ತಿಗೂ ಹೆಚ್ಚುಕಡಿಮೆ ಅದೇ, ಹಾಗಾಗಿ ಬಿಡಿ ಭಾಗ ಸಿಗುವುದು ಕಷ್ಟವಲ್ಲ. ನನಗೆ ಸಿಕ್ಕವು 15ರಿಂದ 30 ಡಾಲರ್ ಒಳಗೆ. ಕೈಯಲ್ಲಿ ತಿರುಗಿಸಿ ತಳ ನೋಡಿ. ಅಲಗು ಹೊರಬರುವ ಬಾಯಿಯ ಅಕ್ಕಪಕ್ಕ ಬಿರುಕಿದ್ದರೆ ಅಲ್ಲೇ ಇಟ್ಟು ಬನ್ನಿ. ಎರಕದ ಕಬ್ಬಿಣ ಒಡೆದರೆ ಮನೆಯಲ್ಲಿ ಸರಿಮಾಡುವ ಮಾತಿಲ್ಲ. ಮರದ ಹಿಡಿ ಮುರಿದಿದ್ದರೆ ಪರವಾಗಿಲ್ಲ, ಅದನ್ನು ತೋರಿಸಿಯೇ ಐದು ಡಾಲರ್ ಕಡಿಮೆ ಮಾಡಿಸಬಹುದು. ಮೇಲೆ ಮೇಲೆ ಕೆಂಪಗೆ ಕೂತ ತುಕ್ಕೂ ಪರವಾಗಿಲ್ಲ. ಆದರೆ ಅಲಗಿನ ಹಿಂಬದಿಯಲ್ಲಿ, ಅಂಚಿನ ಹತ್ತಿರ ತುಕ್ಕು ಗುಳಿ ಬಿದ್ದಿದ್ದರೆ ಎಷ್ಟು ಸಾಣೆ ಹಿಡಿದರೂ ಅಂಚು ನಿಲ್ಲುವುದಿಲ್ಲ.

ಗರಗಸವಾದರೆ ಕಣ್ಣಿನ ಮಟ್ಟಕ್ಕೆ ಹಿಡಿದು ಉದ್ದಕ್ಕೆ ನೋಡಿ. ಡಿಸ್ಟನ್ ಹೆಸರಿನವು ಫಿಲಡೆಲ್ಫಿಯಾದವು, ಹಳೆಯವು ಬಹಳ ಒಳ್ಳೆಯವು. ತಗಡು ಸೊಟ್ಟ ಮಡಚಿದ್ದರೆ ಬೇಡ. ಹಲ್ಲು ಮೊಂಡಾಗಿದ್ದರೆ ಮೂರು ಮೂಲೆಯ ಅರದಲ್ಲಿ ನೀವೇ ಚೂಪು ಮಾಡಬಹುದು. ವೈಸ್‌ನಲ್ಲಿ ನೋಡಬೇಕಾದದ್ದು ವೆಲ್ಡಿಂಗ್ ಗುರುತು. ಎರಕದ ಮೈಮೇಲೆ ವೆಲ್ಡಿಂಗ್ ಇದ್ದರೆ ಅದು ಒಮ್ಮೆ ಒಡೆದದ್ದು, ಮತ್ತೆ ಒಡೆಯುತ್ತದೆ. ರೀಡ್, ವಿಲ್ಟನ್, ಕೊಲಂಬಿಯನ್ ಹೆಸರು ಕಂಡರೆ ಬೆಲೆ ಕೇಳಿ.

ಸ್ಪ್ಯಾನರ್, ಸಾಕೆಟ್ ವಿಷಯದಲ್ಲಿ ಹೊಸಬರು ಮೋಸ ಹೋಗುವುದು ಹೆಚ್ಚು. ಬಕೆಟ್ ತುಂಬ ಐದು ಡಾಲರಿಗೆ ಸಿಗುತ್ತವೆ, ಯಾಕೆಂದರೆ ಅವೆಲ್ಲ ಇಂಚಿನವು. 1/2, 9/16, ಹೀಗೆ. ನಿಮ್ಮ ಟೊಯೋಟಾಗೆ ಬೇಕಾದದ್ದು ಮಿಲಿಮೀಟರ್. ಅದನ್ನು ಹೊಸದೇ ತಗೊಳ್ಳಿ. 10 ಮಿಲಿಮೀಟರಿನದು ಹಳೆಯ ಸೆಟ್‌ನಲ್ಲಿ ಹೇಗೂ ಕಳೆದೇ ಹೋಗಿರುತ್ತದೆ. ಹಳೆಯ ಲಾನ್ ಮೂವರ್ ಇದ್ದರೆ ಮಾತ್ರ ಇಂಚಿನ ಬಕೆಟ್ ಉಪಯೋಗಕ್ಕೆ ಬಂದೀತು.

ಕರೆಂಟಿನ ಮಷೀನು ಅಂದ ಕೂಡಲೇ ನನ್ನ ಕಥೆ ಹೇಳಬೇಕು. ಒಂದು ಸಣ್ಣ ಮಷೀನ್ ಶಾಪ್ ಮುಚ್ಚುತ್ತಿತ್ತು. ಅಲ್ಲಿ ಎದೆಯೆತ್ತರದ ಡ್ರಿಲ್ ಪ್ರೆಸ್, 150 ಡಾಲರ್. ಹೊಸದಾಗಿ ಇಂಥದ್ದು ಸಾವಿರಕ್ಕೂ ಬರುವುದಿಲ್ಲ. ಗೆಳೆಯನ ಮಿನಿವ್ಯಾನಿನ ಸೀಟು ಕಿತ್ತು, ಅದನ್ನು ಮಲಗಿಸಿ, ಮೆಲ್ಲಗೆ ಓಡಿಸಿಕೊಂಡು ತಂದೆವು. ಗ್ಯಾರೇಜಿನಲ್ಲಿ ನಿಲ್ಲಿಸಿ, ಬೆವರು ಒರೆಸಿಕೊಂಡು, ಪ್ಲಗ್ ಹುಡುಕಿದರೆ ಪ್ಲಗ್ಗೇ ಇಲ್ಲ. ವೈರಿನ ತುದಿ ಬೋಳು. ಮೋಟಾರಿನ ತಗಡು ಒರೆಸಿ ಓದಿದೆ. ಪಿಎಚ್ 3.

ತ್ರೀ ಫೇಸ್. ಹಳ್ಳಿಯಲ್ಲಿ ತ್ರೀ ಫೇಸ್ ಬಂತಾ ಅಂತ ಕಾದು ರಾತ್ರಿ ಎದ್ದು ಪಂಪ್‌ಸೆಟ್ ಹಾಕುತ್ತಿದ್ದ ಮನೆಯಿಂದ ಬಂದವನು ನಾನು. ಬೆಂಗಳೂರಿನಲ್ಲೂ ಎಷ್ಟೋ ಮನೆಗಳಿಗೆ ತ್ರೀ ಫೇಸ್ ಕನೆಕ್ಷನ್ ಇರುತ್ತದೆ. ಅಮೆರಿಕದಲ್ಲಿ ಇರದೆ ಇರುತ್ತದಾ ಅಂದುಕೊಂಡಿದ್ದೆ. ಇಲ್ಲ. ಇಲ್ಲಿ ಮನೆಗೆ ಬರುವುದು ಸಿಂಗಲ್ ಫೇಸ್, 120 ವೋಲ್ಟ್, ಡ್ರೈಯರ್, ಒಲೆಗೆ 240 ವೋಲ್ಟ್. ತ್ರೀ ಫೇಸ್ ಏನಿದ್ದರೂ ಫ್ಯಾಕ್ಟರಿಗೆ, ದೊಡ್ಡ ಅಂಗಡಿಗೆ. ಕಾರ್ಖಾನೆಯಿಂದ ಬರುವ ಮಷೀನು ಇಷ್ಟು ಅಗ್ಗ ಯಾಕೆ ಅನ್ನುವುದು ಅವತ್ತು ಗೊತ್ತಾಯಿತು. ಎರಡು ತಿಂಗಳು ಅದು ಛತ್ರಿ ನೇತುಹಾಕುವ ಗೂಟವಾಗಿತ್ತು. ಆಮೇಲೆ ವಿಎಫ್‌ಡಿ ಅನ್ನುವ ಪೆಟ್ಟಿಗೆ ಹಾಕಿಸಿದೆ. ಅದು 240 ವೋಲ್ಟಿನ ಸಿಂಗಲ್ ಫೇಸ್ ತಗೊಂಡು ಮೋಟಾರಿಗೆ ತ್ರೀ ಫೇಸ್ ಕೊಡುತ್ತದೆ, ಜೊತೆಗೆ ವೇಗವನ್ನೂ ಹೆಚ್ಚುಕಡಿಮೆ ಮಾಡಬಹುದು. ಪೆಟ್ಟಿಗೆಗೂ ಎಲೆಕ್ಟ್ರಿಷಿಯನ್‌ಗೂ ಸೇರಿ ಡ್ರಿಲ್ ಪ್ರೆಸ್ಸಿಗಿಂತ ಜಾಸ್ತಿ ಖರ್ಚಾಯಿತು. ಈಗ ಚೆನ್ನಾಗಿ ಓಡುತ್ತಿದೆ, ಆದರೆ ನೀವು ಮಾತ್ರ ದುಡ್ಡು ಕೊಡುವ ಮೊದಲು ಮೋಟಾರಿನ ತಗಡು ಓದಿ. ಪಿಎಚ್ ಮುಂದೆ 1 ಇರಬೇಕು.

ಸೇಲ್ ನಡೆಯುವ ಮನೆಯಲ್ಲೇ ಪ್ಲಗ್ ಹಾಕಿ ನೋಡಲು ಬಿಡುತ್ತಾರೆ, ಕೇಳಿ. ಸುಟ್ಟ ವಾಸನೆ ಬಂದರೆ, ವೈರಿನ ರಬ್ಬರ್ ಪುಡಿಪುಡಿಯಾಗಿದ್ದರೆ, ಪ್ಲಗ್ಗಿನ ಮೂರನೇ ಕಡ್ಡಿ ಕತ್ತರಿಸಿದ್ದರೆ ಬೇಡ. ಬ್ಯಾಟರಿ ಡ್ರಿಲ್ ಹಳೆಯದು ಕೊಳ್ಳಲೇಬೇಡಿ. ನಿಕಲ್ ಕ್ಯಾಡ್ಮಿಯಂ ಬ್ಯಾಟರಿ ಸತ್ತಿರುತ್ತದೆ, ಹೊಸ ಬ್ಯಾಟರಿಯ ಬೆಲೆಗೆ ಹೊಸ ಡ್ರಿಲ್ಲೇ ಬರುತ್ತದೆ. ಬೆಂಚ್ ಗ್ರೈಂಡರ್ ಹಳೆಯದಾದರೂ ಸರಿ, ಕಲ್ಲನ್ನು ಮಾತ್ರ ಬಿಚ್ಚಿ ಬೆರಳಿಗೆ ನೇತುಹಾಕಿಕೊಂಡು ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ಬಡಿಯಿರಿ. ಸಂತೆಯಲ್ಲಿ ಮಡಕೆ ಬಡಿದು ನೋಡುವ ಹಾಗೆ. ಟಣ್ ಅಂದರೆ ಸರಿ. ಮಂಕಾಗಿ ಡಬ್ ಅಂದರೆ ಒಳಗೆ ಬಿರುಕಿದೆ, ತಿರುಗುವಾಗ ಸಿಡಿಯುತ್ತದೆ. ಹಳೆಯ ರೇಡಿಯಲ್ ಆರ್ಮ್ ಸಾ (ಮೇಲಿನ ತೋಳಿನಿಂದ ನೇತುಬಿದ್ದ ಕರೆಂಟಿನ ಗರಗಸ) ಎಲ್ಲ ಬೇಸ್‌ಮೆಂಟಿನಲ್ಲೂ ಒಂದಿರುತ್ತದೆ, ಸುಮ್ನೆ ಕೊಟ್ಟರೂ ಬೇಡ. ಬ್ಲೇಡಿನ ಗಾರ್ಡ್ ಸಾಲದು ಅಂತ 2000ನೇ ಇಸವಿಯಲ್ಲಿ ಲಕ್ಷಗಟ್ಟಲೆ ಗರಗಸಗಳನ್ನು ರೀಕಾಲ್ ಮಾಡಿದ್ದರು. ಇನ್ನೊಂದು ಮಾತು, ಊರಿಗೆ ವಾಪಸ್ ಹೋಗುವ ಯೋಚನೆ ಇದ್ದರೆ ಕರೆಂಟಿನ ಹತಾರಕ್ಕೆ ದುಡ್ಡು ಹಾಕಬೇಡಿ. 120 ವೋಲ್ಟಿನ ಮೋಟಾರನ್ನು ಊರಿನ 230 ವೋಲ್ಟಿಗೆ ಹಾಕಿದರೆ ಹೊಗೆ ಬರುತ್ತದೆ. ಪ್ಲೇನ್, ಉಳಿ ಎಲ್ಲಿಗಾದರೂ ಬರುತ್ತವೆ. ವಿಮಾನದಲ್ಲಿ ಕ್ಯಾಬಿನ್ ಚೀಲಕ್ಕೆ ಹಾಕಬೇಡಿ, ಚೆಕ್‌ಇನ್ ಮಾಡಿ.

ಬೀದಿಯ ಸಾಮಾನು. ಆಗಸ್ಟ್ ಕೊನೆಯಲ್ಲಿ ಆನ್ ಆರ್ಬರ್ ಕಡೆ ಒಂದು ಸುತ್ತು ಹಾಕಿ. ವಿದ್ಯಾರ್ಥಿಗಳ ಲೀಸ್ ಮುಗಿಯುವ ಹೊತ್ತು, ರಸ್ತೆ ಬದಿಯಲ್ಲಿ ಟೇಬಲ್ಲು, ಶೆಲ್ಫು ಸಾಲಾಗಿ ಇರುತ್ತವೆ. ಟೇಬಲ್ ಕೆಳಗೆ ಬಗ್ಗಿ ನೋಡಿ: ಮರದ ಎಳೆ ಕಂಡರೆ ಓಕ್ ಅಥವಾ ಮೇಪಲ್ ಇರಬಹುದು. ಹೊಟ್ಟು ಅಂಟಿಸಿದ ಹಾಗೆ ಕಂಡರೆ ಬಿಡಿ, ಒಂದು ಮಳೆಗೆ ಉಬ್ಬುತ್ತದೆ. ಬಟ್ಟೆ, ಸ್ಪಂಜು ಇರುವುದನ್ನು ಮುಟ್ಟಬೇಡಿ, ತಿಗಣೆ ಮನೆಗೆ ಬಂದರೆ ಓಡಿಸಲು ಸಾವಿರಾರು ಡಾಲರ್. ಕೆಲವು ಊರುಗಳಲ್ಲಿ ಕಸದ ದಿನ ಇಟ್ಟದ್ದನ್ನು ಎತ್ತುವ ಹಾಗಿಲ್ಲ, ನಿಮ್ಮ ಊರಿನ ನಿಯಮ ನೋಡಿಕೊಳ್ಳಿ. ಕಟ್ಟಡ ಕೆಡವುವ ಕಡೆ ಕೇಳದೆ ಕೈ ಹಾಕಬೇಡಿ. ಕೇಳಿದರೆ ಸಾಮಾನ್ಯವಾಗಿ ಕೊಡುತ್ತಾರೆ. 1978ಕ್ಕಿಂತ ಮೊದಲಿನ ಮನೆಯ ಬಣ್ಣದಲ್ಲಿ ಸೀಸ ಇರಬಹುದು, ಹಾಗಾಗಿ ಹಳೆಯ ಬಣ್ಣದ ಬಾಗಿಲನ್ನು ಮಕ್ಕಳಿರುವ ಮನೆಯಲ್ಲಿ ಉಜ್ಜುವುದು ಬೇಡ. ಪ್ಯಾಲೆಟ್, ಅಂದರೆ ಸರಕು ಹೇರುವ ಹಲಗೆ ಚೌಕಟ್ಟಿನ ಮರ ತರುವುದಾದರೆ ಮುದ್ರೆ ನೋಡಿ. ಎಚ್‌ಟಿ ಅಂದರೆ ಬಿಸಿಯಲ್ಲಿ ಹುಳ ಕೊಂದದ್ದು, ತರಬಹುದು. ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ವಿಷದಲ್ಲಿ, ಬೇಡ. ಇಷ್ಟೆಲ್ಲ ಅಲೆಯಲು ಪುರುಸೊತ್ತಿಲ್ಲ ಅಂದರೆ ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ ಅನ್ನುವ ಸೇವಾಸಂಸ್ಥೆಯವರ ರೀಸ್ಟೋರ್ ಅಂಗಡಿ ಇದೆ. ಬಾಗಿಲು, ಸಿಂಕು, ಹಿಂಜು ಎಲ್ಲ ಅಲ್ಲಿ ಸಿಗುತ್ತವೆ, ದುಡ್ಡು ಬಡವರ ಮನೆ ಕಟ್ಟಲು ಹೋಗುತ್ತದೆ.

ತಂದದ್ದನ್ನು ಉಳಿಸಿಕೊಳ್ಳುವುದು ಇನ್ನೊಂದು ಕೆಲಸ. ಮಿಷಿಗನ್ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ. ಕಾರು ಆ ಉಪ್ಪುನೀರನ್ನು ಗ್ಯಾರೇಜಿಗೆ ತರುತ್ತದೆ. ಮಾರ್ಚಿನಲ್ಲಿ ಒಂದು ದಿನ ಇದ್ದಕ್ಕಿದ್ದಂತೆ ಬೆಚ್ಚಗಾದರೆ ತಣ್ಣಗಿರುವ ಕಬ್ಬಿಣದ ಮೇಲೆಲ್ಲ ಮಂಜಿನ ಹನಿ. ಒಂದೇ ವಾರದಲ್ಲಿ ಕೆಂಪು. ಪೇಸ್ಟ್ ವ್ಯಾಕ್ಸ್ ಸವರಿ ಇಡಿ, ಸಾಧ್ಯವಾದರೆ ಬೇಸ್‌ಮೆಂಟಿಗೆ ಸಾಗಿಸಿ, ಅಲ್ಲಿ ಬೇಸಿಗೆಯಲ್ಲಿ ಡೀಹ್ಯುಮಿಡಿಫೈಯರ್ ಓಡಲಿ. ತುಕ್ಕು ತೆಗೆಯಲು ಹುಣಸೆಹಣ್ಣು ದುಬಾರಿ ಅನ್ನಿಸಿದರೆ ಬಿಳಿ ವಿನಿಗರ್ ಇದೆ. ರಾತ್ರಿ ನೆನೆಸಿ, ಬೆಳಿಗ್ಗೆ ತಿಕ್ಕಿ, ಅಡುಗೆ ಸೋಡದ ನೀರಿನಲ್ಲಿ ತೊಳೆದು, ಒಣಗಿಸಿ, ತಕ್ಷಣ ಎಣ್ಣೆ ಹಚ್ಚಿ. ತಡ ಮಾಡಿದರೆ ಕಣ್ಣೆದುರೇ ಮತ್ತೆ ತುಕ್ಕು ಬರುತ್ತದೆ. ಕರೆಂಟ್ ಹಾಯಿಸಿ ತೆಗೆಯುವ ವಿಧಾನವೂ ಇದೆ, ಅದಕ್ಕೆ ಸ್ಟೇನ್‌ಲೆಸ್ ಸ್ಟೀಲ್ ತುಂಡು ಮಾತ್ರ ಬಳಸಬೇಡಿ, ವಿಷದ ಕ್ರೋಮಿಯಂ ನೀರಿಗೆ ಇಳಿಯುತ್ತದೆ.

ಇನ್ನೂ ಅಪಾರ್ಟ್‌ಮೆಂಟಿನಲ್ಲಿ ಇರುವವರು ಮಷೀನಿನ ಆಸೆ ಈಗಲೇ ಬೇಡ. ಕೆಳಗಿನ ಮನೆಯವರು ದೂರು ಕೊಡುತ್ತಾರೆ. ಆನ್ ಆರ್ಬರ್ ಲೈಬ್ರರಿಯಲ್ಲಿ ಪುಸ್ತಕದ ಹಾಗೆ ಹತಾರವನ್ನೂ ಎರವಲು ಕೊಡುತ್ತಾರೆ, ನಿಮ್ಮ ಊರಿನ ಲೈಬ್ರರಿಯಲ್ಲೂ ಕೇಳಿ ನೋಡಿ.

ಏಪ್ರಿಲ್ ಕೊನೆಗೆ ಹಿಮ ಕರಗಿದ ಮೇಲೆ ಗ್ಯಾರೇಜ್ ಸೇಲ್‌ಗಳೂ ಶುರುವಾಗುತ್ತವೆ. ಹಿಂದಿನ ರಾತ್ರಿಯೇ ಆನ್‌ಲೈನಿನಲ್ಲಿ ಸೇಲ್‌ಗಳ ಪಟ್ಟಿ ತೆಗೆದು, ಫೋಟೋಗಳಲ್ಲಿ ಬೇಸ್‌ಮೆಂಟ್ ತೋರಿಸಿದ್ದಾರಾ ನೋಡಿ. ಫ್ಲಾಸ್ಕಿನಲ್ಲಿ ಕಾಫಿ, ಜೇಬಿನಲ್ಲಿ ಟಾರ್ಚು, ಒಂದು ಅಯಸ್ಕಾಂತ, ಕೈಗವಸು ಇರಲಿ. ಬೆಳಿಗ್ಗೆ ಏಳಕ್ಕೆ ಸಾಲಿನಲ್ಲಿ ನನ್ನನ್ನು ಕಂಡರೆ ಮಾತಾಡಿಸಿ. ನನ್ನ ಹಿಂದೆ ನಿಲ್ಲಿ, ಮುಂದೆ ಬೇಡ.