ಗಡಿ ರಸ್ತೆಯ ಟೋಲ್ ಒಪ್ಪಂದ ಓದುವುದು ಹೇಗೆ?

ರಸ್ತೆ ಕಟ್ಟಲು ಖಾಸಗಿ ಕಂಪನಿ ಬರುತ್ತದೆ ಅಂದ ಕೂಡಲೇ ನಾವು ಕೇಳುವುದು ಟೋಲ್ ಎಷ್ಟು ಅಂತ. ಅದಕ್ಕೂ ಮೊದಲು ಇನ್ನೊಂದು ಪ್ರಶ್ನೆ ಕೇಳಬೇಕು: ನಷ್ಟವಾದರೆ ಹೊರುವವರು ಯಾರು?

ಮೊದಲು, ವಾಹನ ಬಾರದಿದ್ದರೆ ನಷ್ಟ ಯಾರಿಗೆ ಅಂತ ಹುಡುಕಿ. ಅಮೆರಿಕದ ಸ್ಯಾನ್ ಡಿಯಾಗೊದಲ್ಲಿ, ಮೆಕ್ಸಿಕೊ ಗಡಿಯ ಓಟೈ ಮೆಸಾ ಕಡೆಗೆ ಹೋಗುವ ಸೌತ್ ಬೇ ಎಕ್ಸ್‌ಪ್ರೆಸ್‌ವೇ 2007ರ ನವೆಂಬರ್‌ನಲ್ಲಿ ತೆರೆಯಿತು. ಕಂಪನಿ ತನ್ನ ಸಾಲವನ್ನು ಟೋಲ್ ಹಣದಿಂದಲೇ ತೀರಿಸಬೇಕಿತ್ತು. ಅಷ್ಟರಲ್ಲಿ ಮನೆಗಳ ಮಾರುಕಟ್ಟೆ ಕುಸಿಯಿತು. ನಿರೀಕ್ಷಿಸಿದಷ್ಟು ವಾಹನ ಬರಲಿಲ್ಲ. 2010ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. 2011ರ ಕೊನೆಗೆ ಅಲ್ಲಿನ ಸ್ಥಳೀಯ ಸರ್ಕಾರಗಳ ಒಕ್ಕೂಟವಾದ ಸ್ಯಾಂಡ್ಯಾಗ್ ರಸ್ತೆಯನ್ನು ಕೊಂಡುಕೊಂಡಿತು. ಮರುವರ್ಷ ಟೋಲ್ ಇಳಿಸಿತು.

ಆಮೇಲೆ, ಕಂಪನಿಗೆ ದುಡ್ಡು ಎಲ್ಲಿಂದ ಬರುತ್ತದೆ ನೋಡಿ. ಕೆನಡಾದ ವಿಂಡ್ಸರ್ ಮತ್ತು ಅಮೆರಿಕದ ಡೆಟ್ರಾಯ್ಟ್ ನಡುವಿನ ಗಾರ್ಡಿ ಹೋವ್ ಸೇತುವೆಯ ಲೆಕ್ಕ ಪೂರ್ತಿ ಬೇರೆ. ಕಟ್ಟಿ 30 ವರ್ಷ ನಿರ್ವಹಿಸುವುದು ಖಾಸಗಿ ಕಂಪನಿಗಳ ಕೂಟ. ಟೋಲ್ ದರ ಗೊತ್ತುಮಾಡುವುದು, ಹಣ ಪಡೆಯುವುದು ಕೆನಡಾದ ಸರ್ಕಾರಿ ಸಂಸ್ಥೆ. ಸೇತುವೆ ಸುಸ್ಥಿತಿಯಲ್ಲಿ ಇದ್ದರೆ ಕೂಟಕ್ಕೆ ಒಪ್ಪಿದ ಹಣ ಬರುತ್ತದೆ, ವಾಹನ ಎಷ್ಟೇ ಓಡಲಿ. ಬೆಂಗಳೂರು–ಮೈಸೂರು ಹೆದ್ದಾರಿ ಹೈಬ್ರಿಡ್ ಆನ್ಯುಟಿಯಲ್ಲಿ, ಅಂದರೆ ಸರ್ಕಾರ ಗುತ್ತಿಗೆದಾರರಿಗೆ ಕಂತಿನಲ್ಲಿ ಹಣ ಕೊಡುವ ಪದ್ಧತಿಯಲ್ಲಿ, ಕಟ್ಟಿದ್ದು ಅಲ್ವಾ? ಅಲ್ಲೂ ಟೋಲ್ ಹೋಗುವುದು ಹೆದ್ದಾರಿ ಪ್ರಾಧಿಕಾರಕ್ಕೆ, ಗುತ್ತಿಗೆದಾರರಿಗಲ್ಲ. ಗಡಿಯಲ್ಲಿ ನನಗೆ ಈ ಪದ್ಧತಿಯೇ ಸರಿ ಅನಿಸುತ್ತದೆ. ಕಾರಣ ಮುಂದಿದೆ.

ಮೂರನೆಯದು, ಕಂಪನಿಯ ಕೈಯಲ್ಲಿ ಇಲ್ಲದ್ದನ್ನು ಗುರುತು ಹಾಕಿ. ಕಸ್ಟಮ್ಸ್ ಅಧಿಕಾರಿಗಳನ್ನು ಹಾಕುವುದು ಸರ್ಕಾರ. ತಪಾಸಣೆಯ ಕಿಟಕಿಗಳು ಅರ್ಧ ಮುಚ್ಚಿದ್ದರೆ ಎಷ್ಟು ಚೆಂದದ ರಸ್ತೆ ಇದ್ದರೂ ಲಾರಿ ನಿಂತೇ ಇರುತ್ತದೆ. ಆಮದು ಸುಂಕ ಏರಿದರೆ ಲಾರಿಯೇ ಕಡಿಮೆಯಾಗುತ್ತದೆ. ಆ ನಷ್ಟವನ್ನು ಕಂಪನಿ ಹೊರಬೇಕು ಅಂದರೆ ಅದು ಮೊದಲೇ ದರದಲ್ಲಿ ಜಾಸ್ತಿ ಸೇರಿಸುತ್ತದೆ. ಕೊಡುವವರು ನಾವೇ.

ಪಕ್ಕದ ದಾರಿಗಳನ್ನೂ ಎಣಿಸಿ. ಡೆಟ್ರಾಯ್ಟ್‌ನಲ್ಲಿ 1929ರಿಂದ ಖಾಸಗಿ ಒಡೆತನದ ಅಂಬಾಸಡರ್ ಸೇತುವೆ ಇದೆ, ಜೊತೆಗೆ ಸುರಂಗವೂ ಇದೆ. ಟೋಲ್ ಏರಿಸಿದರೆ ವಾಹನಗಳು ಅತ್ತ ತಿರುಗುತ್ತವೆ.

ಕೊನೆಗೆ, ಖರ್ಚು ಏರಿದರೆ ಯಾರ ಲೆಕ್ಕಕ್ಕೆ ಅಂತ ಓದಿ. ಗಾರ್ಡಿ ಹೋವ್ ಒಪ್ಪಂದ 2018ರಲ್ಲಿ 570 ಕೋಟಿ ಕೆನಡಾ ಡಾಲರ್ ಇತ್ತು. ಕೋವಿಡ್ ನಂತರ ಅದು 640 ಕೋಟಿಯಾಯಿತು. ಮಿಷಿಗನ್ ರಾಜ್ಯ ಸೇತುವೆಗೆ ಜಂಟಿ ಒಡೆಯ, ಆದರೆ ದುಡ್ಡು ಹಾಕಿದ್ದು ಕೆನಡಾ. ಅದನ್ನು ಟೋಲ್‌ನಿಂದ ವಾಪಸ್ ಪಡೆಯಬೇಕು ಅಂತ 2012ರ ಒಪ್ಪಂದದಲ್ಲೇ ಬರೆದಿದೆ.