ಗೀಸರ್ ಚೀಟಿಯೂ ನನ್ನ ‘ಇಫ್’ ಅಭ್ಯಾಸವೂ

ಮಹಡಿ ಮೇಲಿನ ಎರಡು ರೂಮುಗಳನ್ನು ಯೋಗ ಕಲಿಯಲು ಬರುವವರಿಗೆ ಬಾಡಿಗೆಗೆ ಕೊಡಲು ಶುರುಮಾಡಿದ ಮೇಲೆ ನನಗೆ ಇಂಗ್ಲಿಷ್ ಬೇಕೇ ಬೇಕಾಯಿತು. ನಮ್ಮ ಮನೆ ಮೈಸೂರಿನ ಗೋಕುಲಂನಲ್ಲಿ. ಪಟ್ಟಾಭಿ ಜೋಯಿಸರ ಯೋಗಶಾಲೆ ಲಕ್ಷ್ಮೀಪುರಂನಿಂದ ಈ ಕಡೆಗೆ ಬಂದ ಮೇಲೆ ಇಲ್ಲಿ ಬೆಳಗಿನ ಜಾವಕ್ಕೇ ಮ್ಯಾಟ್ ಹೆಗಲಿಗೆ ಹಾಕಿಕೊಂಡ ವಿದೇಶಿಯರ ಓಡಾಟ. ನಾನು ಓದಿದ್ದು ಮಂಡ್ಯ ಸೀಮೆಯ ಹಳ್ಳಿಯಲ್ಲಿ, ಕನ್ನಡ ಮೀಡಿಯಂ. ‘ದಿಸ್ ಈಸ್ ಯುವರ್ ಕೀ’, ‘ಟಿಫನ್ ಅಟ್ ಎಯ್ಟ್’ ಅಂತ ಹೇಗೋ ಒಂದು ವರ್ಷ ದಬ್ಬಿದೆ.

ಎಡವುತ್ತಿದ್ದದ್ದು ‘ರೆ’ ಬಂದಾಗ. ಮನೆ ಬಾಡಿಗೆಗೆ ಕೊಡುವವರ ಬಾಯಲ್ಲಿ ಬರುವುದೆಲ್ಲ ಅದೇ ತಾನೆ? ಕರೆಂಟ್ ಹೋದರೆ, ಬೀಗದ ಕೈ ಕಳೆದರೆ, ರಾತ್ರಿ ತಡವಾದರೆ, ಕೋತಿ ಬಂದರೆ.

ಒಂದು ಸಲ ಬಾತ್‌ರೂಮಿನ ಬಾಗಿಲಿಗೆ ಚೀಟಿ ಅಂಟಿಸಿದೆ. ಗೀಸರ್ ಆರಿಸದಿದ್ದರೆ ಹೆಚ್ಚಿಗೆ ದುಡ್ಡು ಅಂತ ಬರೆಯಬೇಕಿತ್ತು. ‘ಅನ್‌ಲೆಸ್ ಯು ಡೋಂಟ್ ಸ್ವಿಚ್ ಆಫ್ ದ ಗೀಸರ್, ಐ ವಿಲ್ ಟೇಕ್ ಎಕ್ಸ್‌ಟ್ರಾ ಮನಿ’ ಅಂತ ಬರೆದೆ. ಮೂರನೇ ದಿನ ಮೇಲಿದ್ದ ಹುಡುಗಿ ಕೆಳಗೆ ಬಂದು, ಗೀಸರ್ ಆರಿಸಿದರೆ ತಾನೆ ದುಡ್ಡು, ಅದಕ್ಕೇ ಹಗಲೂ ರಾತ್ರಿ ಹಾಕೇ ಇಟ್ಟಿದ್ದೀನಿ ಅಂದಳು. ತಮಾಷೆ ಮಾಡುತ್ತಿದ್ದಾಳೋ ನಿಜವೋ ತಿಳಿಯಲಿಲ್ಲ. ಮೀಟರ್ ನೋಡಿದ ಮೇಲೆ ತಿಳಿಯಿತು.

‘ಅನ್‌ಲೆಸ್’ನ ಹೊಟ್ಟೆಯಲ್ಲೇ ಒಂದು ‘ಇಲ್ಲ’ ಇದೆ. ಅದರ ಜೊತೆ ‘ಡೋಂಟ್’ ಸೇರಿಸಿದರೆ ಎರಡು ‘ಇಲ್ಲ’ ಸೇರಿ ‘ಹೌದು’ ಆಗಿಬಿಡುತ್ತದೆ. ನಮ್ಮ ‘ಆರಿಸದಿದ್ದರೆ’ಗೆ ‘ಇಫ್ ಯು ಡೋಂಟ್ ಸ್ವಿಚ್ ಆಫ್’ ಸಾಕು, ಇಲ್ಲವೇ ‘ಅನ್‌ಲೆಸ್ ಯು ಸ್ವಿಚ್ ಆಫ್’. ಎರಡರಲ್ಲಿ ಒಂದು.

ಆವತ್ತು ಅಂಗಡಿಯಿಂದ ಒಂದು ಗ್ರಾಮರ್ ಪುಸ್ತಕ ತಂದೆ. ನಾನು ಹಕ್ಕಿಯಾಗಿದ್ದರೆ ಹಾರುತ್ತಿದ್ದೆ, ನಾನು ರಾಜನಾಗಿದ್ದರೆ ಹಾಗೆ ಮಾಡುತ್ತಿದ್ದೆ ಅನ್ನೋ ಉದಾಹರಣೆಗಳು. ಹತ್ತು ದಿನ ಉರು ಹೊಡೆದೆ, ಒಂದೂ ನಾಲಿಗೆಗೆ ಹತ್ತಲಿಲ್ಲ. ನನಗೆ ಹಾರುವ ಕೆಲಸವಿಲ್ಲವಲ್ಲ. ಪುಸ್ತಕ ಮುಚ್ಚಿಟ್ಟು, ಹಾಲಿನ ಲೆಕ್ಕದ ಹಳೇ ನೋಟ್‌ಬುಕ್ಕಿನಲ್ಲಿ ದಿನಕ್ಕೆ ಐದು ವಾಕ್ಯ ಬರೆಯೋಕೆ ಕೂತೆ. ಆ ದಿನ ನಾನೇ ಕನ್ನಡದಲ್ಲಿ ಆಡಿದ ‘ರೆ’ ಮಾತುಗಳು, ಪಕ್ಕದಲ್ಲಿ ಇಂಗ್ಲಿಷ್.

ಹೀಗೆ ಬರೆಯುತ್ತಾ ಒಂದು ವಿಷಯ ಕಣ್ಣಿಗೆ ಬಿತ್ತು. ಬಂದರೆ, ಹೋದರೆ, ತಿಂದರೆ: ‘ರೆ’ ತೆಗೆದು ನೋಡಿ. ಬಂದ, ಹೋದ, ತಿಂದ. ನಾಳೆಯ ಮಾತಿಗೂ ನಾವು ಹಿಡಿದಿರುವುದು ಆಗಿಹೋದ ಕಾಲದ ರೂಪವನ್ನೇ! ಕಲ್ಪನೆಯ ಮಾತಿಗೆ ಇಂಗ್ಲಿಷಿನವರು ‘ಇಫ್ ಐ ಹ್ಯಾಡ್’, ‘ಇಫ್ ಐ ನ್ಯೂ’ ಅಂತ ಹಿಂದಿನ ಕಾಲ ಹಾಕುವುದು ಯಾಕೆ ಅಂತ ತಲೆ ಕೆಡಿಸಿಕೊಂಡಿದ್ದೆ. ನಮ್ಮ ಭಾಷೆಯೇ ಅದನ್ನು ಇನ್ನೂ ಧಾರಾಳವಾಗಿ ಮಾಡುತ್ತಿದೆ.

‘ವಿಲ್’ ರೋಗ ವಾಸಿಯಾದದ್ದೂ ಹೀಗೇ. ‘ಇಫ್ ಪವರ್ ವಿಲ್ ಗೋ’ ಅನ್ನುತ್ತಿದ್ದೆ. ನಾವೇನು ‘ಕರೆಂಟ್ ಹೋಗುತ್ತದೆ-ರೆ’ ಅನ್ನುತ್ತೇವಾ? ‘ಇಫ್’ ಇರುವ ಕಡೆ ‘ವಿಲ್’ ಬೇಡ, ಇನ್ನೊಂದು ಕಡೆ ಇರಲಿ. ‘ಇಫ್ ದ ಪವರ್ ಗೋಸ್, ಐ ವಿಲ್ ಸ್ಟಾರ್ಟ್ ದ ಜನರೇಟರ್.’ ಯಾವತ್ತೂ ನಡೆಯುವ ಸಂಗತಿಯಾದರೆ ಆ ಕಡೆಯೂ ‘ವಿಲ್’ ಬೇಡ: ‘ಇಫ್ ಯು ಲೀವ್ ದ ಡೋರ್ ಓಪನ್, ಮಂಕೀಸ್ ಕಮ್ ಇನ್.’

‘ಇಫ್’ ಮತ್ತು ‘ವೆನ್’ ಬಿಡಿಸಿಕೊಟ್ಟವನು ಊರಲ್ಲಿರುವ ನನ್ನ ತಮ್ಮ, ಅವನಿಗೇ ಗೊತ್ತಿಲ್ಲದೆ. ಅವನ ಗದ್ದೆಗೆ ವಿಶ್ವೇಶ್ವರಯ್ಯ ನಾಲೆಯ ನೀರು. ಮುಂಗಾರಿನಲ್ಲಿ ಫೋನು ಮಾಡಿದರೆ ಬರೀ ಕನ್ನಂಬಾಡಿ ಕಟ್ಟೆಯದೇ ಮಾತು. ತುಂಬಿದರೆ 124.80 ಅಡಿ. ‘ಅಕ್ಕಾ, ಕಟ್ಟೆ ತುಂಬುದ್ರೆ ನಾಟಿ ಹಾಕ್ತೀನಿ’ ಅಂತಾನೆ. ಮಳೆ ಕೈಕೊಟ್ಟ ವರ್ಷ ಆ ‘ರೆ’ ಅನುಮಾನದ್ದು, ಅದು ‘ಇಫ್’. ಕೊಡಗಿನಲ್ಲಿ ಮಳೆ ಹಿಡಿದು ದಿನಾ ಅಡಿಗಟ್ಟಲೆ ನೀರು ಏರುತ್ತಿದ್ದರೆ ಅದೇ ಮಾತು ‘ವೆನ್’. ಅಂದಿನಿಂದ ವಾಕ್ಯ ಬರೆಯುವ ಮುಂಚೆ ಕೇಳಿಕೊಳ್ಳುತ್ತೇನೆ: ಇದು ಆಗುವುದು ಗ್ಯಾರಂಟಿಯಾ?

ಎಲ್ಲಕ್ಕಿಂತ ಹೆಚ್ಚು ಸತಾಯಿಸಿದ್ದು ‘ದುಡ್ಡಿದ್ದರೆ ಕೊಡ್ತಿದ್ದೆ’ ಅನ್ನುವಂಥ ಮಾತು. ಈಗ ಕೈಯಲ್ಲಿ ಇಲ್ಲ ಅಂತಲೋ, ಹೋದ ವರ್ಷ ನೀನು ಕೇಳಿದಾಗ ಇರಲಿಲ್ಲ ಅಂತಲೋ? ನಾವು ಎರಡಕ್ಕೂ ಇದನ್ನೇ ಆಡುತ್ತೇವೆ. ‘ಇದ್ದಿದ್ದರೆ’ ಅನ್ನೋದು ಇದೆ ನಿಜ, ಆದರೆ ಮಾತಿನ ಭರದಲ್ಲಿ ಅದನ್ನೂ ಎರಡೂ ಕಡೆ ಬಳಸುತ್ತೇವೆ. ಇಂಗ್ಲಿಷ್ ಬಿಡುವುದಿಲ್ಲ. ಈಗಿನದಾದರೆ ‘ಇಫ್ ಐ ಹ್ಯಾಡ್ ಮನಿ, ಐ ವುಡ್ ಗಿವ್’. ಆಗಿನದಾದರೆ ‘ಇಫ್ ಐ ಹ್ಯಾಡ್ ಹ್ಯಾಡ್ ಮನಿ, ಐ ವುಡ್ ಹ್ಯಾವ್ ಗಿವನ್’. ಎರಡು ‘ಹ್ಯಾಡ್’ ನೋಡಿ ಅಚ್ಚಿನ ತಪ್ಪು ಅಂದುಕೊಂಡಿದ್ದೆ. ಇದಕ್ಕೆ ನಾನು ಮಾಡಿಕೊಂಡ ಉಪಾಯ ಇಷ್ಟೇ: ಕನ್ನಡ ವಾಕ್ಯದ ತಲೆಗೆ ‘ಈಗ’ ಅಥವಾ ‘ಆಗ’ ಅಂತ ಪೆನ್ಸಿಲ್‌ನಲ್ಲಿ ಬರೆದು, ಆಮೇಲೆ ಇಂಗ್ಲಿಷಿಗೆ ಕೈ ಹಾಕುವುದು. ‘ಆಗ’ ಅಂತ ಬಿದ್ದರೆ ‘ವುಡ್ ಹ್ಯಾವ್’ ಬರಲೇಬೇಕು. ‘ಆವತ್ತು ಓದಿದ್ದರೆ ಇವತ್ತು ಟೀಚರ್ ಆಗಿರುತ್ತಿದ್ದೆ’ ಅಂತ ಎರಡೂ ಬೆರೆತಾಗ ಮೊದಲ ಅರ್ಧದ ಮೇಲೆ ‘ಆಗ’, ಎರಡನೇ ಅರ್ಧದ ಮೇಲೆ ‘ಈಗ’: ‘ಇಫ್ ಐ ಹ್ಯಾಡ್ ಸ್ಟಡೀಡ್, ಐ ವುಡ್ ಬಿ ಎ ಟೀಚರ್.’ ಈ ವಾಕ್ಯ ಮಾತ್ರ ಒಂದೇ ಸಲಕ್ಕೆ ಬಾಯಿಗೆ ಬಂತು. ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ.

ಬರೆದದ್ದನ್ನು ಸಂಜೆ ಪಾತ್ರೆ ತೊಳೆಯುವಾಗ ಜೋರಾಗಿ ಹೇಳುತ್ತೇನೆ. ಮನೆಯವರು ಮೊದಮೊದಲು ಯಾರ ಹತ್ತಿರ ಜಗಳ ಅಂತ ಅಡುಗೆಮನೆಗೆ ಇಣುಕುತ್ತಿದ್ದರು.

ಬರೆಯುವುದು ಒಂದು ಹದಕ್ಕೆ ಬಂತು. ಕೇಳಿಸಿಕೊಳ್ಳುವುದು ಇನ್ನೂ ಕಷ್ಟ. ಬಾಡಿಗೆಗೆ ಬರುವವರು ‘ಹ್ಯಾಡ್’ ಅನ್ನೂ ನುಂಗುತ್ತಾರೆ, ‘ವುಡ್’ ಅನ್ನೂ ನುಂಗುತ್ತಾರೆ, ಎರಡೂ ಕಡೆ ಉಳಿಯುವುದು ಒಂದು ಸಣ್ಣ ‘ಡ್’. ಗೀಸರ್ ಹುಡುಗಿ ಊರಿಗೆ ಹೊರಟ ದಿನ ಆಟೋದಲ್ಲಿ ಕೂತು ಏನೋ ಅಂದಳು. ‘ಇಫ್ ಐಡ್ ನೋನ್ ಯುವರ್ ಉಪ್ಪಿಟ್ಟು ವಾಸ್ ದಿಸ್ ಗುಡ್, ಐಡ್ ಹ್ಯಾವ್ ಕಮ್ ಡೌನ್ ಎವ್ರಿ ಡೇ.’ ನಾನು ಸುಮ್ಮನೆ ತಲೆಯಾಡಿಸಿ ನಕ್ಕೆ. ಮೊದಲನೇ ‘ಡ್’ ಮುಂದೆ ‘ನೋನ್’ ಇದೆ, ಅಂದಮೇಲೆ ಅದು ‘ಹ್ಯಾಡ್’. ಎರಡನೆಯದರ ಮುಂದೆ ‘ಹ್ಯಾವ್’ ಇದೆ, ಅದು ‘ವುಡ್’. ಇಷ್ಟು ಬಿಡಿಸಿಕೊಳ್ಳುವ ಹೊತ್ತಿಗೆ ಆಟೋ ತಿರುವು ದಾಟಿ ಹೋಗಿತ್ತು.